ಒಂದೇ ಶಾಸನ, ಎರಡು ನಂಬರ್: ಆಕರ ಹೇಗೆ ಕೊಡಲಿ?

ಪ್ರಶ್ನೆ: ಎಂ.ಎ. ಕೊನೆ ವರ್ಷ, ಹಾಸನ ಜಿಲ್ಲೆಯ ವೀರಗಲ್ಲುಗಳ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಕಾಲೇಜು ಲೈಬ್ರರಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ (ಶಾಸನಗಳ ಪಾಠ ಪ್ರಕಟಿಸುವ ಗ್ರಂಥಮಾಲೆ) ಹಳೇ ಸಂಪುಟವೂ ಇದೆ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟವೂ ಇದೆ. ಒಂದೇ ಕಲ್ಲಿಗೆ ಎರಡರಲ್ಲೂ ಬೇರೆ ನಂಬರ್. ಯಾವುದನ್ನು ಹಾಕಲಿ?

ಉತ್ತರ 1: ನೀವು ಕೈಯಲ್ಲಿ ಹಿಡಿದು ಓದಿದ್ದು ಯಾವುದೋ ಅದನ್ನೇ ಹಾಕಿ. ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ, ಪುಟ ಬೇಕೇ ಬೇಕು. ಮುಖ್ಯವಾಗಿ ಅದು ಬಿ.ಎಲ್. ರೈಸ್ ಸಂಪಾದಿಸಿದ ಹಳೇ ಸಂಪುಟವೋ ಪರಿಷ್ಕೃತವೋ ಹೇಳಿ, ಇಲ್ಲದಿದ್ದರೆ ಓದುವವರು ಬೇರೆ ಕಲ್ಲಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಪುಸ್ತಕ ವಾಪಸ್ ಇಡುವ ಮೊದಲೇ ಇದೆಲ್ಲ ಬರೆದುಕೊಳ್ಳಿ. ನಾನು ಒಮ್ಮೆ ಪುಟ ಸಂಖ್ಯೆ ಬಿಟ್ಟು ಬಂದಿದ್ದೆ, ರೆಫರೆನ್ಸ್ ಪುಸ್ತಕ ಮನೆಗೆ ಕೊಡುವುದಿಲ್ಲ ಅಲ್ವಾ, ಆ ಒಂದು ಅಂಕಿಗಾಗಿ ಮತ್ತೆ ಎರಡು ಬಸ್ ಹತ್ತಿದೆ.

ಉತ್ತರ 2: ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಹಳೇ ಪಿಎಚ್‌ಡಿ ಪ್ರಬಂಧಗಳನ್ನೂ ನೋಡಿ, ಉಚಿತ. ಆದರೆ ಅವರ ಅಡಿಟಿಪ್ಪಣಿಯನ್ನು ಸುಮ್ನೆ ಎತ್ತಿ ಹಾಕಬೇಡಿ. ಮೂಲ ಸಂಪುಟ ತೆರೆದು ಸಾಲು ಸಾಲಾಗಿ ಹೋಲಿಸಿ. ಮೂಲ ಸಿಗಲೇ ಇಲ್ಲವಾದರೆ ಆ ಪ್ರಬಂಧದ ಮೂಲಕ ಓದಿದ್ದು ಅಂತ ಬರೆಯಿರಿ.

ಪ್ರಶ್ನೆ ಕೇಳಿದವರು: ಪರಿಷ್ಕೃತವನ್ನೇ ಓದಿದ್ದೆ, ಅದನ್ನೇ ಕೊಡುತ್ತೇನೆ. ಆವರಣದಲ್ಲಿ ರೈಸ್ ಸಂಖ್ಯೆಯನ್ನೂ ಹಾಕಬಹುದಾ?

ಉತ್ತರ 1: ಖಂಡಿತ ಹಾಕಿ. ಹುಡುಕುವವರಿಗೆ ತುಂಬಾ ಅನುಕೂಲ.