ಹೊಂಡಕ್ಕೆ ಹಸಿರು ಪುಡಿ ಹಾಕಿದ್ದೆ, ಈಗ ನೀರು ತಿಳಿಯಾಗಿದೆ. ಮೀನು ಮಾರಬಹುದಾ?

ಹೊಂಡದಮನೆ:
ನಮ್ಮದು ಪಾಂಡವಪುರದ ಹತ್ತಿರ. ಗದ್ದೆ ಪಕ್ಕ ಅರ್ಧ ಎಕರೆ ಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ ಬಿಟ್ಟಿದ್ದೇನೆ. ಧನುರ್ಮಾಸದ ಚಳಿಯಲ್ಲಿ ತೂಕ ನೋಡೋಣ ಅಂತ ಬಲೆ ಎಳೆಸಿದ್ದೆ. ವಾರದೊಳಗೆ ಕೆಲವು ಮೀನಿನ ಬೆನ್ನ ಮೇಲೆ ಹತ್ತಿ ಅಂಟಿದ ಹಾಗೆ ಬಿಳಿ ಬೂಸ್ಟು. ಅಂಗಡಿಯವರು ಹೆಸರಿಲ್ಲದ ಪೊಟ್ಟಣದಲ್ಲಿ ಕಡು ಹಸಿರು ಪುಡಿ ಕೊಟ್ಟರು. ಬರಿಗೈಯಲ್ಲೇ ಕಲಸಿದೆ, ಉಗುರಿನ ಸಂದಿಯಲ್ಲಿ ಕೂತ ಬಣ್ಣ 5 ದಿನ ಸೋಪು ಉಜ್ಜಿದರೂ ಹೋಗಲಿಲ್ಲ. ಹೊಂಡ ಮಾತ್ರ ಕೆಲವೇ ದಿನಕ್ಕೆ ತಿಳಿಯಾಯಿತು, ಬೂಸ್ಟೂ ಇಳಿದಿದೆ. ಈಗ ಒಬ್ಬರು ಬೀಗರೂಟಕ್ಕೆ 60 ಕೆಜಿ ಕೇಳುತ್ತಿದ್ದಾರೆ. ಬಣ್ಣವೇ ಹೋಗಿದೆ, ಕೊಡಬಹುದು ಅಲ್ವಾ?

ಮೀನುಮರಿ:
ಅಣ್ಣ, ದಯವಿಟ್ಟು ಕೊಡಬೇಡಿ. ನೀವು ಹೇಳುವುದು ನೋಡಿದರೆ ಅದು ಮ್ಯಾಲಕೈಟ್ ಗ್ರೀನ್ ಇರಬೇಕು. ರೇಷ್ಮೆ, ಉಣ್ಣೆ, ಚರ್ಮಕ್ಕೆ ಹಾಕುವ ಬಣ್ಣ ಅದು. ಬೂಸ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಅಗ್ಗಕ್ಕೂ ಸಿಗುತ್ತದೆ, ಅದಕ್ಕೇ 1930ರ ದಶಕದಿಂದ ಮೀನು ಸಾಕುವವರು ಬಳಸಿಕೊಂಡು ಬಂದರು. ಬಣ್ಣ ಹೋಯಿತು ಅಂದರೆ ವಿಷ ಹೋಯಿತು ಅಂತಲ್ಲ. ಕಿವಿರಿನಿಂದ ಒಳಗೆ ಹೋದ ಬಣ್ಣವನ್ನು ಮೀನಿನ ಮೈ ಲ್ಯೂಕೋಮ್ಯಾಲಕೈಟ್ ಗ್ರೀನ್ ಅನ್ನುವ ಬೇರೆ ರೂಪಕ್ಕೆ ತಿರುಗಿಸುತ್ತದೆ. ಅದಕ್ಕೆ ಬಣ್ಣವೇ ಇಲ್ಲ. ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಮಾಂಸದಲ್ಲಿ, ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಸಿರು ಬಣ್ಣ ಬೇಗ ಹೋಗುತ್ತದೆ, ಇದು ಹೋಗುವುದಿಲ್ಲ. ಮಸಾಲೆ ಹಾಕಿ ಕುದಿಸಿದರೂ ಅಷ್ಟೇ. ನೀಲಿ-ನೇರಳೆ ಜೆನ್ಷಿಯನ್ ವಯೊಲೆಟ್ ಕೊಟ್ಟರೂ ಇದೇ ಕಥೆ.

ಕಾಲುವೆಪಕ್ಕ:
ಸುಮ್ನೆ ಹೆದರಿಸಬೇಡಿ ಸಾರ್. ನಾವೂ ಚಿಟಿಕೆ ಹಾಕಿದ್ದೇವೆ, ತಿಂದವರು ಯಾರೂ ಆಸ್ಪತ್ರೆಗೆ ಹೋಗಿಲ್ಲ.

ಮೀನುಮರಿ:
ತಿಂದ ಮಾರನೇ ದಿನ ವಾಂತಿ ಬರುವ ವಿಷ ಅಲ್ಲ ಇದು, ಅದಕ್ಕೇ ನನಗೆ ಭಯ. ಅಮೆರಿಕದ ಸರ್ಕಾರಿ ಪ್ರಯೋಗದಲ್ಲಿ ಲ್ಯೂಕೋ ರೂಪವನ್ನು ಆಹಾರದಲ್ಲಿ ತಿಂದ ಹೆಣ್ಣಿಲಿಗಳ ಲಿವರ್‌ನಲ್ಲಿ ಗೆಡ್ಡೆ ಜಾಸ್ತಿ ಕಂಡವು. 2008ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ, ಜನ ತಿನ್ನುವ ಪ್ರಾಣಿಗೆ ಇದನ್ನು ಬಳಸುವುದನ್ನು ಒಪ್ಪಲಿಲ್ಲ. ಯುರೋಪಿನಲ್ಲಿ ಎರಡೂ ರೂಪ ಸೇರಿ ಕೆಜಿಗೆ 0.5 ಮೈಕ್ರೋಗ್ರಾಂ ಸಿಕ್ಕರೂ ಸರಕು ಹಿಡಿಯುತ್ತಾರೆ. 1 ಗ್ರಾಂ ಅನ್ನು 20 ಲಕ್ಷ ಕೆಜಿ ಮೀನಿಗೆ ಹಂಚಿದರೆ ಬರುವಷ್ಟು. ನಿಮ್ಮ ಚಿಟಿಕೆ ಅದರ ಮುಂದೆ ಚಿಕ್ಕದೇನಲ್ಲ.

ರೇಷ್ಮೆಗೂಡು:
ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮಪ್ಪ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಊಟಕ್ಕೆ ಕೂರುವ ಮುಂಚೆ ಮೊಣಕೈವರೆಗೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು, ಆ ಕೈಯಲ್ಲಿ ನಮ್ಮ ತಟ್ಟೆ ಮುಟ್ಟುತ್ತಿರಲಿಲ್ಲ. ಭಾನುವಾರ ನಾನು ಮಕ್ಕಳಿಗೆ ಅಂತ ಮೀನು ತರುತ್ತೇನೆ. ಕಿವಿರು ಕೆಂಪಗಿದೆಯಾ, ಕಣ್ಣು ಹೊಳೆಯುತ್ತಿದೆಯಾ ಅಂತ ನೋಡಬಹುದು, ಇದನ್ನು ಹೇಗೆ ನೋಡಲಿ? ಕಾಣದ್ದನ್ನು ನಾವು ಹುಡುಕುವುದಕ್ಕಾಗಲ್ಲ ಅಣ್ಣ, ಹಾಕಿದವರೇ ಹೇಳಬೇಕು.

ಹೊಂಡದಮನೆ:
ಬೀಗರೂಟದವರಿಗೆ ಫೋನ್ ಮಾಡಿ ಇಲ್ಲ ಅಂದೆ, ಯಾಕೆ ಅಂತಲೂ ಹೇಳಿದೆ. ಮನೆಗೂ ಹಿಡಿಯುತ್ತಿಲ್ಲ. ಈಗ ಹೊಂಡ ಏನು ಮಾಡಲಿ?

ಮೀನುಮರಿ:
ಒಳ್ಳೆಯದು ಮಾಡಿದಿರಿ. ನೀರನ್ನು ಕಾಲುವೆಗೆ ಬಿಡಬೇಡಿ, ಕೆಳಗಿನವರ ದನ ಕುಡಿಯುತ್ತವೆ. ಉಳಿದ ಪುಡಿ ಮುಟ್ಟದೆ, ಪೊಟ್ಟಣದ ಸಮೇತ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಲ್ಯಾಬಿನಲ್ಲಿ ಮೀನು ಪರೀಕ್ಷೆ ಮಾಡಿಸುವಾಗ ಲ್ಯೂಕೋ ರೂಪವನ್ನೂ ನೋಡಿ ಅಂತ ಕೇಳಿ, ಬರೀ ಹಸಿರು ನೋಡಿದರೆ ಇಲ್ಲ ಅಂತಲೇ ಬರಬಹುದು. ಬೂಸ್ಟು ಬಂದದ್ದು ಬಲೆ ಉಜ್ಜಿ ಹುರುಪೆ ಕಿತ್ತ ಗಾಯಕ್ಕೆ, ಚಳಿ ನೀರಲ್ಲಿ ಅದು ಬೇಗ ಹಿಡಿಯುತ್ತದೆ. ಮುಂದಿನ ಸಲ ಚಳಿಯಲ್ಲಿ ಬಲೆ ಎಳೆಸಬೇಡಿ. ಮರಿ ಬಿಡುವಾಗ 10 ಲೀಟರ್ ನೀರಿಗೆ 200ರಿಂದ 300 ಗ್ರಾಂ ಕಲ್ಲುಪ್ಪು ಕರಗಿಸಿ, ಅದರಲ್ಲಿ ಒಂದೆರಡು ನಿಮಿಷ ಅದ್ದಿ ಬಿಡಿ. ಪಕ್ಕದಲ್ಲೇ ನಿಂತು ನೋಡಿ, ಮರಿ ವಾಲಿದರೆ ತಕ್ಷಣ ಎತ್ತಿ.