ಯುದ್ಧಪ್ರದೇಶಕ್ಕೆ ವರದಿಗಾರರನ್ನು ಕಳುಹಿಸುವ ಮುನ್ನ

ಪ್ರಶ್ನೆ: ನಮ್ಮ ಸುದ್ದಿಮನೆಯಿಂದ ಮೊದಲ ಬಾರಿಗೆ ಇಬ್ಬರು ವರದಿಗಾರರು ಯುದ್ಧ ನಡೆಯುತ್ತಿರುವ ಪ್ರದೇಶಕ್ಕೆ ಹೊರಟಿದ್ದಾರೆ. ಗುಂಡುನಿರೋಧಕ ಕವಚ, ಹೆಲ್ಮೆಟ್ ಮತ್ತು ವಿಮೆಯ ವ್ಯವಸ್ಥೆ ಆಗಿದೆ. ಇನ್ನೇನು ಬೇಕು? ‘ಪ್ರೆಸ್’ ಎಂಬ ಗುರುತಿಗೆ ಕಾನೂನಿನ ಬೆಂಬಲ ಎಷ್ಟಿದೆ?

ಉತ್ತರ 1: ಯುದ್ಧಕಾಲದ ನಡವಳಿಕೆಗೆ ಅಂತರರಾಷ್ಟ್ರೀಯ ನಿಯಮಗಳನ್ನು ಹಾಕಿಕೊಡುವ ಜಿನೀವಾ ಒಪ್ಪಂದಗಳ 1977ರ ಮೊದಲನೇ ಹೆಚ್ಚುವರಿ ಪ್ರೋಟೊಕಾಲ್‌ನ 79ನೇ ವಿಧಿಯು ಪತ್ರಕರ್ತರನ್ನು ನಾಗರಿಕರೆಂದೇ ಪರಿಗಣಿಸುತ್ತದೆ, ಆದರೆ ಆ ಸ್ಥಾನಕ್ಕೆ ಧಕ್ಕೆ ತರುವ ಯಾವುದೇ ಕೆಲಸ ಮಾಡಬಾರದೆಂಬ ಷರತ್ತೂ ಅದರಲ್ಲಿದೆ. ಆದ್ದರಿಂದ ಆಯುಧ ಹಿಡಿಯುವುದಿರಲಿ, ಸೈನಿಕರ ಉಡುಪನ್ನು ಹೋಲುವ ಬಟ್ಟೆಯನ್ನೂ ತೊಡದಿರುವುದು ಒಳಿತು. ಗುರುತನ್ನು ಕಂಡೇ ಗುರಿಯಿಡುವವರೂ ಇರುವುದರಿಂದ ಅದನ್ನು ಎಲ್ಲಿ ತೋರಿಸಬೇಕು, ಎಲ್ಲಿ ಮರೆಮಾಡಬೇಕು ಎಂಬುದನ್ನು ಸ್ಥಳದಲ್ಲಿರುವವರೇ ನಿರ್ಧರಿಸಲಿ.

ಉತ್ತರ 2: ಕವಚ ಯಾವ ಬಗೆಯದು ಎಂದು ವಿಚಾರಿಸಿ. ಮೆತ್ತನೆಯ ಕವಚವು ಪಿಸ್ತೂಲಿನ ಗುಂಡನ್ನು ತಡೆಯಬಹುದೇ ಹೊರತು ರೈಫಲ್ ಗುಂಡಿಗೆ ಗಟ್ಟಿ ಫಲಕಗಳೇ ಬೇಕು. ಅದಕ್ಕಿಂತ ಮುಖ್ಯವಾದದ್ದು ಪ್ರಥಮ ಚಿಕಿತ್ಸೆಯ ತರಬೇತಿ: ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಮೇಲೆ, ಕೀಲನ್ನು ಬಿಟ್ಟು, ಟೂರ್ನಿಕೆಟ್ ಎಂಬ ರಕ್ತ ತಡೆಯುವ ಪಟ್ಟಿಯನ್ನು ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಸಮಯವನ್ನು ಅದರ ಮೇಲೆಯೇ ಬರೆಯಬೇಕು. ಒಂದು ಕೈಯಿಂದಲೇ ಇದನ್ನು ಮಾಡಲು ಅಭ್ಯಾಸವಿರಬೇಕು.

ಉತ್ತರ 3: ಸ್ಥಳೀಯ ಚಾಲಕ ಮತ್ತು ದುಭಾಷಿಗೂ ಅದೇ ಕವಚ, ಅದೇ ವಿಮೆ ಇದೆಯೇ? ಹೆಚ್ಚಿನ ಸಂಸ್ಥೆಗಳು ಎಡವುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ನಿಗದಿತ ಹೊತ್ತಿಗೆ ಕರೆ ಬಾರದಿದ್ದರೆ ಯಾರು, ಯಾರನ್ನು, ಎಷ್ಟು ಹೊತ್ತಿನೊಳಗೆ ಸಂಪರ್ಕಿಸಬೇಕೆಂಬುದನ್ನು ಹೊರಡುವ ಮೊದಲೇ ಬರೆದಿಡಿ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು 1985ರಿಂದ ಪತ್ರಕರ್ತರಿಗಾಗಿ ನಡೆಸುತ್ತಿರುವ ಸಹಾಯವಾಣಿಯ ಸಂಖ್ಯೆಯೂ ಆ ಹಾಳೆಯಲ್ಲಿರಲಿ.