ಮಾರ್ಫಾ (ಟೆಕ್ಸಾಸ್): ಮರುಭೂಮಿಯಲ್ಲಿ ದನದ ಊರು ಬದುಕಿದ್ದು ಹೇಗೆ?

ಬಯಲುಸೀಮೆ:
ಪಶ್ಚಿಮ ಟೆಕ್ಸಾಸ್‌ನ ಮಾರ್ಫಾ ಬಗ್ಗೆ ಹುಡುಕಿದರೆ ಬರೀ ಕಲೆ, ಗ್ಯಾಲರಿ ಅಂತಲೇ ಸಿಗುತ್ತದೆ. ಮೂಲತಃ ಅದು ದನ ಸಾಕುವವರ ಊರು. ವರ್ಷಕ್ಕೆ 400 ಮಿ.ಮೀ. ಆಸುಪಾಸು ಮಳೆ ಬೀಳುವ ಕಡೆ ದನಕ್ಕೆ ನೀರು, ಮೇವು ಎಲ್ಲಿಂದ? ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಥರವೇ? ಆಮೇಲೆ ಊರು ಕುಗ್ಗಿದ್ದೇಕೆ?

ಗಾಳಿಯಂತ್ರ:
ಕಾವಲು ಸರ್ಕಾರದ್ದು. ಟೆಕ್ಸಾಸ್‌ನಲ್ಲಿ ಹುಲ್ಲುಗಾವಲೆಲ್ಲ ಬಹುತೇಕ ಖಾಸಗಿ, ಸುತ್ತ ಮುಳ್ಳುತಂತಿ. ಹೋದವರು ಬೇಲಿ ದಾಟಲೇಬೇಡಿ.

ಊರು ಹುಟ್ಟಿದ್ದೇ ನೀರಿಗಾಗಿ. 1883ರಲ್ಲಿ ರೈಲುಹಾದಿ ಬಂದಾಗ ಉಗಿ ಎಂಜಿನ್‌ಗೆ ನೀರು ತುಂಬುವ ನಿಲ್ದಾಣವಾಗಿತ್ತು. 1885ರಲ್ಲಿ ಪ್ರೆಸಿಡಿಯೊ ಕೌಂಟಿಯ ಆಡಳಿತ ಕೇಂದ್ರವಾಯಿತು. ಸುಮಾರು 1,430 ಮೀಟರ್ ಎತ್ತರದ ಬಯಲು. ಜುಲೈಯಿಂದ ಸೆಪ್ಟೆಂಬರ್ ಮಳೆಗೆ ‘ಗ್ರಾಮಾ’ ಎಂಬ ಜಾತಿಯ ಹುಲ್ಲು ಚಿಗುರುತ್ತದೆ, ಒಣಗಿ ನಿಂತರೂ ಮೇವಾಗುತ್ತದೆ. ಅದನ್ನು ನಂಬಿ ಬಂದದ್ದು ಕೆಂಪು ಮೈ, ಬಿಳಿ ಮುಖದ ಹಿಯರ್‌ಫರ್ಡ್ ತಳಿ. ಕರು ಸಮೇತ ಒಂದು ಹಸುವಿಗೆ ಹತ್ತಾರು ಎಕರೆ ಬೇಕು.

ಹುಲ್ಲಿಗಿಂತ ಲೆಕ್ಕ ತಪ್ಪುವುದು ನೀರಿನಲ್ಲಿ. ನೆಲದಡಿಯ ನೀರನ್ನು ಗಾಳಿಯಂತ್ರದ ಪಂಪಿನಿಂದ ತೊಟ್ಟಿಗೆ ಎತ್ತುತ್ತಾರೆ. ಬೇಸಿಗೆಯಲ್ಲಿ ಹಸುವಿಗೆ ದಿನಕ್ಕೆ 60 ಲೀಟರ್ ಹಿಡಿದರೆ ನೂರು ಹಸುವಿಗೆ 6,000. ಗಾಳಿ ಬೀಸದ ನಾಲ್ಕು ದಿನಕ್ಕೆ 24,000 ಲೀಟರ್ ತೊಟ್ಟಿಯಲ್ಲಿರಬೇಕು. ಗಾಳಿಯಂತ್ರ ತಿರುಗುತ್ತಿದ್ದರೂ ನೀರು ಸಣ್ಣಗೆ ಬಂದರೆ ಸಾಮಾನ್ಯವಾಗಿ ಪಂಪಿನೊಳಗಿನ ಚರ್ಮದ ವಾಷರ್ ಸವೆದಿರುತ್ತದೆ. ಮರಳು ಉಜ್ಜಿ ಉಜ್ಜಿ ಅಂಚು ತೆಳ್ಳಗಾಗುತ್ತದೆ. ಬೆಳಗ್ಗೆ ಮೊದಲ ನೀರು ಬರಲು ತುಂಬ ಹೊತ್ತಾದರೆ ಕೆಟ್ಟಿರುವುದು ಪಂಪಿನ ಕೆಳಗಿನ ವಾಲ್ವ್: ರಾತ್ರಿಯಿಡೀ ಸೋರಿ ಪೈಪು ಖಾಲಿಯಾಗಿರುತ್ತದೆ. ರಿಪೇರಿಗೆ ಮೊದಲು ಚಕ್ರಕ್ಕೆ ಬ್ರೇಕ್ ಹಾಕಿ ಕಟ್ಟಿ, ಆಮೇಲೆ ಪಂಪಿಗೆ ಇಳಿಬಿಟ್ಟ ರಾಡುಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಗೇರ್ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು.

ತೊಟ್ಟಿಗಳು ದೂರದೂರ ಇದ್ದರೂ ತೊಂದರೆ. ಬಿಸಿಲಿಗೆ ದನ ನೀರು ಬಿಟ್ಟು ಹೋಗುವುದಿಲ್ಲ. ತೊಟ್ಟಿಯ ಸುತ್ತ ನೆಲ ಬೋಳಾಗುತ್ತದೆ, ಆಚೆಯ ಹುಲ್ಲು ಹಾಗೇ ಉಳಿಯುತ್ತದೆ.

ಬಯಲುಸೀಮೆ:
ತುಂಬ ಉಪಕಾರ ಸರ್. ಮಳೆಯೇ ಕೈಕೊಟ್ಟರೆ ಮೇವು?

ಗಾಳಿಯಂತ್ರ:
ಪಾಪಾಸುಕಳ್ಳಿ. ಟೆಕ್ಸಾಸ್‌ನಲ್ಲಿ ಬರ ಬಂದಾಗ ಗ್ಯಾಸ್ ಬರ್ನರ್ ಹಿಡಿದು ಮುಳ್ಳು ಸುಟ್ಟು ತಿನ್ನಿಸುತ್ತಾರೆ. ದೊಡ್ಡ ಮುಳ್ಳು ಹೋದರೆ ಸಾಲದು, ಬುಡದ ಸಣ್ಣ ಕೂದಲುಮುಳ್ಳೂ ಸುಡಬೇಕು. ಇಲ್ಲದಿದ್ದರೆ ನಾಲಗೆ, ಒಸಡು ಹುಣ್ಣಾಗುತ್ತದೆ. ಬರೀ ಕಳ್ಳಿ ಹಾಕಿದರೆ ಭೇದಿ. ಅದರಲ್ಲಿ ನೀರೇ ಹೆಚ್ಚು, ಪ್ರೋಟೀನ್ ಕಡಿಮೆ. ಜೊತೆಗೆ ಒಣಹುಲ್ಲು, ಹತ್ತಿಬೀಜದ ಹಿಂಡಿ ಕೊಡಲೇಬೇಕು.

ಹಳೇದಾರಿ:
ಕುಗ್ಗಿದ್ದಕ್ಕೆ ಎರಡು ಪೆಟ್ಟು. ಮೆಕ್ಸಿಕೋ ಕ್ರಾಂತಿಯ ಕಾಲದಲ್ಲಿ, 1911ರಲ್ಲಿ, ಬಂದ ಸೈನ್ಯದ ನೆಲೆ 1946ರಲ್ಲಿ ಮುಚ್ಚಿತು. ಬೆನ್ನಿಗೇ 1950ರ ದಶಕದ ಬರ. 1950ರಲ್ಲಿ ಸುಮಾರು 3,600 ಇದ್ದ ಜನ 2020ಕ್ಕೆ 1,788.

ಕಲಾವಿದ ಡೊನಾಲ್ಡ್ ಜಡ್ 1970ರ ದಶಕದಲ್ಲಿ ಇಲ್ಲಿಗೆ ಬಂದದ್ದೂ ಈ ಖಾಲಿ ಜಾಗಕ್ಕೇ. ಸೈನ್ಯದ ಎರಡು ಫಿರಂಗಿ ಶೆಡ್‌ಗಳ ಚಪ್ಪಟೆ ಛಾವಣಿ ಸೋರುತ್ತಿತ್ತು. ಮೇಲೆ ಕಮಾನಿನಾಕಾರದ ತಗಡು ಹೊದಿಸಿ, ಬಾಗಿಲಿದ್ದ ಕಡೆ ಗಾಜು ಕೂರಿಸಿ, ಒಳಗೆ 100 ಅಲ್ಯೂಮಿನಿಯಂ ಪೆಟ್ಟಿಗೆ ಇಟ್ಟರು. ಹೊರ ಅಳತೆ ಎಲ್ಲಕ್ಕೂ ಒಂದೇ, 41×51×72 ಇಂಚು; ಒಳಗಿನ ವಿಂಗಡಣೆ ಬೇರೆ ಬೇರೆ. ಎರಡನೇ ಮಹಾಯುದ್ಧದ ಜರ್ಮನ್ ಕೈದಿಗಳ ಕಾಲದ ಬರಹವನ್ನು ಗೋಡೆಯ ಮೇಲೆ ಹಾಗೇ ಉಳಿಸಿದ್ದಾರೆ.

ಹಸಿಇಟ್ಟಿಗೆ:
ಕಲೆ ನೋಡಲು ಹೋದವರು ಬ್ಲ್ಯಾಕ್‌ವೆಲ್ ಶಾಲೆಯನ್ನು ಬಿಟ್ಟು ಬರಬೇಡಿ. 1909ರ ಮಣ್ಣಿಟ್ಟಿಗೆಯ ಕಟ್ಟಡ. 1965ರವರೆಗೆ ಮೆಕ್ಸಿಕನ್ ಮೂಲದ ಮಕ್ಕಳನ್ನು ಪ್ರತ್ಯೇಕವಾಗಿ ಇಲ್ಲೇ ಕೂರಿಸುತ್ತಿದ್ದರು. 1954ರಲ್ಲಿ ಆ ಮಕ್ಕಳ ಕೈಯಲ್ಲೇ ಚೀಟಿ ಬರೆಸಿ, ಪೆಟ್ಟಿಗೆಗೆ ಹಾಕಿ, ಸ್ಪ್ಯಾನಿಷ್ ಭಾಷೆಯನ್ನು ಮಣ್ಣು ಮಾಡಿಸಿದರು. ಮನೆಮಾತನ್ನು ಮಕ್ಕಳಿಂದಲೇ ಹೂಳಿಸುವುದು ಎಂಥ ಕ್ರೌರ್ಯ! 2022ರ ಕಾನೂನಿನ ಪ್ರಕಾರ 2024ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಊರಿನ ಹಳೇ ಮನೆಗಳನ್ನು ನೋಡುವಾಗ ಗೋಡೆಯ ಬುಡ ಗಮನಿಸಿ. ಮಣ್ಣಿಟ್ಟಿಗೆಗೆ ಸಿಮೆಂಟ್ ಗಾರೆ ಬಳಿದರೆ ಬಿರುಕಿನಲ್ಲಿ ನೀರು ಇಳಿಯುತ್ತದೆ, ಆರಲು ದಾರಿ ಇರುವುದಿಲ್ಲ. ಹೊರಗೆ ಗಟ್ಟಿಯಾಗೇ ಕಾಣುತ್ತದೆ, ತಟ್ಟಿದರೆ ಟೊಳ್ಳು ಸದ್ದು. ಸಿಮೆಂಟ್ ಕೆರೆದು, ಗೋಡೆ ಪೂರ್ತಿ ಆರಿದ ಮೇಲೆ ಮಣ್ಣಿನ ಅಥವಾ ಸುಣ್ಣದ ಗಾರೆ ಹಾಕಬೇಕು. ಅದಕ್ಕೂ ಮೊದಲು ಸೂರಿನ ನೀರು ಬುಡದಿಂದ ದೂರ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡಬೇಕು.